ಎರಡೂ ತುದಿಯ ಒಪ್ಪಿಗೆ

ಲ್ಯಾಪ್‌ಟಾಪ್ ನನ್ನನ್ನು ಕೇಳದೆ ಮತ್ತೆ ಚನ್ನವೀರನ ಫೋನಿಗೆ ಹೋಗಿ ಸೇರಿಕೊಂಡಿತು. ಹೊರಕೋಣೆಯಿಂದ ಅವನ ದನಿ ಬಂತು.

"ಬಂದಾಳ ನೋಡ ಯವ್ವಾ, ನಿನ್ನ ಸೊಸಿ!"

ಪರದೆಯ ಮೇಲಿದ್ದ ಗಾಳಿಯಂತ್ರಗಳ ಸಾಲು ಬೂದು ಬಣ್ಣಕ್ಕೆ ತಿರುಗಿತು. ಮೂಲೆಯಲ್ಲಿ ಎಂದಿನ ಬರಹ: 'ಚನ್ನವೀರ. ಸಂಪರ್ಕವಿದೆ. ಇಂಟರ್‌ನೆಟ್ ಇಲ್ಲ.'

ಚನ್ನವೀರ ನನ್ನ ಗಂಡ. ಹೋದ ದೀಪಾವಳಿಗೆ ಮುಂಚೆ ಮುಂಡರಗಿ ರಸ್ತೆಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡ. ಫೋನಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಮೇಜಿನ ಮೇಲಿದ್ದ ವಾಕಿಟಾಕಿ ಕರಕರ ಅಂದಿತು. ಗುಡ್ಡದ ಮೇಲಿಂದ ದಾವಲ.

"ವೈನೀ, ಲಿಫ್ಟ್ ನಿಂತೈತ್ರಿ. ಮತ್ತ ನಮ್ಮ ಚೆನ್ನ್ಯಾ ಬಂದನೇನು?"

"ಹೂಂ. ಸ್ವಲ್ಪ ತಡಕೋರಿ."

"ಇದ್ದಾಗೂ ಹಿಂಗ ಮಾಡತಿದ್ದ ಮಗ. ನಾ ಮ್ಯಾಲ ಹತ್ತಿದ ಮ್ಯಾಲ ಕೆಳಗ ನಿಂತ ಏಣಿ ಅಲುಗಾಡಸಂವ."

ದಾವಲ ಮತ್ತು ಚನ್ನವೀರ ಒಂದೇ ದಿನ ಗಾಳಿವಿದ್ಯುತ್ ಕಂಪನಿಗೆ ಸೇರಿದ ಗೆಳೆಯರು. ಇಬ್ಬರದೂ ಒಂದೇ ಕೆಲಸ. ಗಾಳಿಯಂತ್ರದ ಟೊಳ್ಳು ಕಂಬದೊಳಗಿನ ಲಿಫ್ಟಿನಲ್ಲಿ ಮೇಲೆ ಹೋಗುವುದು, ಯಂತ್ರಕ್ಕೆ ಎಣ್ಣೆ ಬಿಡುವುದು, ಸಡಿಲಾದುದನ್ನು ಬಿಗಿಯುವುದು. ಚನ್ನವೀರ ಹೋದ ಮೇಲೆ ಕಂಪನಿ ನನ್ನನ್ನು ಕರೆದು ಕೆಲಸ ಕೊಟ್ಟಿತು. ನನ್ನ ಕೆಲಸ ಕೆಳಗಿನದು. ಕಂಬದೊಳಗೆ ಮನುಷ್ಯನಿರುವಷ್ಟು ಹೊತ್ತು ರೆಕ್ಕೆ ತಿರುಗದಂತೆ ಹಿಡಿದಿಡಬೇಕು, ಲಿಫ್ಟ್ ನಡೆಸಬೇಕು. ಒಬ್ಬೊಬ್ಬರು ಒಂದೊಂದು ಆಜ್ಞೆ ಕೊಟ್ಟು ಎಡವಟ್ಟಾಗಬಾರದೆಂದು ಒಂದು ಕಂಬದ ಹಿಡಿತ ಒಬ್ಬರ ಕೈಯಲ್ಲೇ ಇರುತ್ತದೆ. ಆ ಕೈಯಿಂದ ಸುದ್ದಿ ಬರುವುದು ನಿಂತರೆ ಕಂಬದೊಳಗೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತದೆ. ರೆಕ್ಕೆ, ಲಿಫ್ಟ್, ಫ್ಯಾನು, ಎಲ್ಲ. ಯಾರಿಗೂ ಅಪಾಯವಾಗಬಾರದೆಂದು ಮಾಡಿದ ವ್ಯವಸ್ಥೆ ಅದು.

ಕಂಪನಿಯ ನಿಯಂತ್ರಣ ಕೇಂದ್ರದಲ್ಲಿ ಕುರ್ಚಿಗಳು ಕಡಿಮೆ. ಒಂದು ವಾರ ಅಲ್ಲಿ ಕೂತರೆ ಮುಂದಿನ ವಾರ ಮನೆಯಿಂದ. ಕೇಂದ್ರದಲ್ಲಿ ನನಗೆ ಯಾವ ತೊಂದರೆಯೂ ಇಲ್ಲ. ಮನೆಯಲ್ಲಿ ಈ ಫೋನಿದೆ.

ಪಾಸ್‌ವರ್ಡಿನ ಕಾಲ ಮುಗಿದು ಕೆಲವು ವರ್ಷಗಳಾದವು. ಕದಿಯುವವರು ಹೆಚ್ಚಾದಾಗ ರೂಢಿ ಪದ್ಧತಿ ಬಂತು. ಯಾವ ಜಾಲಕ್ಕೆ ಸೇರಬೇಕೆಂದು ಈಗ ನಾವು ಹೇಳುವಂತಿಲ್ಲ. ನಮ್ಮ ರೂಢಿಯನ್ನು ನೋಡಿ ಯಂತ್ರವೇ ತೀರ್ಮಾನಿಸುತ್ತದೆ. ಯಾರ ಪಕ್ಕದಲ್ಲಿ ಎಷ್ಟು ಕಾಲ ಕೂತಿದ್ದೆವು, ಸಂಪರ್ಕ ಕಡಿದಾಗ ಎಷ್ಟು ಬೇಗ ಅದನ್ನೇ ಮತ್ತೆ ಹುಡುಕಿದೆವು, ಬೇರೆ ಒಳ್ಳೆಯ ಜಾಲ ಸಿಕ್ಕಾಗಲೂ ಯಾವುದನ್ನು ಬಿಡಲಿಲ್ಲ, ಇವನ್ನೆಲ್ಲ ಕೂಡಿಸಿ ತೂಗುತ್ತದೆ. ಯಾವುದರ ತೂಕ ಹೆಚ್ಚೋ ಅದಕ್ಕೆ ತಾನಾಗಿ ಸೇರುತ್ತದೆ. ಈ ತೂಕ ಯಂತ್ರಕ್ಕೆ ಅಂಟಿದ್ದಲ್ಲ, ಮನುಷ್ಯರಿಗೆ ಅಂಟಿದ್ದು. ಕಂಪನಿ ನನಗೆ ಹೊಸ ಲ್ಯಾಪ್‌ಟಾಪ್ ಕೊಟ್ಟು ನೋಡಿತು. ನನ್ನ ಹೆಸರಿನಲ್ಲಿ ತೆರೆದ ಕೂಡಲೇ ಅದೂ ಚನ್ನವೀರನನ್ನು ಹುಡುಕಿಕೊಂಡು ಹೋಯಿತು.

ಮದುವೆಯಾದ ಹೊಸದರಲ್ಲಿ ನಾವು ಧಾರವಾಡದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಾನು ಎಂ.ಎಸ್ಸಿ. ಮುಗಿಸುತ್ತಿದ್ದೆ. ಅವನ ಫೋನಿನ ಜಾಲವೊಂದೇ ನಮಗಿದ್ದದ್ದು. ಅವನು ಫೋನ್ ಹಿಡಿದು ಅಂಗಡಿಗೆ ಹೋದರೆ ನನ್ನ ಓದು ನಿಲ್ಲುತ್ತಿತ್ತು. ಬಂದರೆ ಮತ್ತೆ ಶುರು. ಆ ಎರಡು ವರ್ಷಗಳನ್ನು ಜಾಲ ಒಂದು ದಿನವೂ ಬಿಡದೆ ತೂಗಿಟ್ಟುಕೊಂಡಿದೆ.

ಈಗ ಆ ಫೋನಿನ ಸಿಮ್ ಸತ್ತುಹೋಗಿದೆ. ಅದಕ್ಕೆ ಸೇರುವುದೆಂದರೆ ಬಾಗಿಲು ತೆರೆದು ಗೋಡೆಗೆ ಮುಖ ಕೊಟ್ಟು ನಿಂತಂತೆ. ಆದರೂ ಲ್ಯಾಪ್‌ಟಾಪ್ ಸೇರುತ್ತದೆ. ಸ್ವಲ್ಪ ಹೊತ್ತು ಕಾಯುತ್ತದೆ. ಏನೂ ಬಾರದಿದ್ದಾಗ ಬಿಟ್ಟು ಕಂಪನಿಯ ಜಾಲಕ್ಕೆ ಮರಳುತ್ತದೆ.

ಸೆಟ್ಟಿಂಗ್ಸ್‌ನಲ್ಲಿ 'ತಾನಾಗಿ ಸೇರಿಕೊಳ್ಳಲಿ' ಎಂಬಲ್ಲಿ ಒಂದು ಗುರುತಿದೆ. ಒತ್ತಿದರೆ ಹೋಗುವುದಿಲ್ಲ. ಮಸುಕಾಗಿದೆ. ನಾನು ಅದನ್ನು ದಿನವೂ ಒತ್ತುತ್ತೇನೆ.

*

ಸಹಾಯವಾಣಿಯ ಹುಡುಗಿಗೆ ತಾಳ್ಮೆ ಬಹಳ.

"ಮೇಡಂ, ರೂಢಿ ಸಂಪರ್ಕ ತೆಗೆಯೋದಕ್ಕೆ ಎರಡೂ ತುದಿಯ ಒಪ್ಪಿಗೆ ಬೇಕು. ಕಳ್ಳರು ಮೊದಲು ಮಾಡೋದೇ ಸಂಪರ್ಕ ಅಳಿಸೋದು, ಅದಕ್ಕೆ ಈ ನಿಯಮ. ಇನ್ನೊಂದು ತುದಿಯವರಿಗೆ ಸಂದೇಶ ಕಳಿಸಲಾ?"

"ಅವರು ತೀರಿಕೊಂಡಿದ್ದಾರೆ."

"ಕ್ಷಮಿಸಿ ಮೇಡಂ. ಅವರು ಒಂದು ಸಲ ಫೋನ್ ತೆಗೆದು 'ಸಮ್ಮತಿ' ಅಂತ ಒತ್ತಿದರೆ ಸಾಕು."

ಅವಳಿಗೂ ತಾನು ಹೇಳಿದ್ದು ಕೇಳಿಸಿರಬೇಕು. ಕೀಲಿಮಣೆ ಕುಟ್ಟಿದ ಸದ್ದು ಬಂತು.

"ಮೇಡಂ, ಮಕ್ಕಳಿದ್ದರೆ ಅವರು ಒತ್ತಬಹುದು. ಇಲ್ಲದಿದ್ದರೆ ತಾಯಿ. ಈ ತುದಿ ನೀವೇ ಆಗಿರೋದರಿಂದ ಆ ತುದಿಗೂ ನೀವೇ ಒತ್ತೋ ಹಾಗಿಲ್ಲ."

"ತಾಯಿ ಇದ್ದಾರೆ. ಒತ್ತುವುದಿಲ್ಲ ಅನ್ನುತ್ತಾರೆ."

"ಒಂದು ವಿಷಯ ಹೇಳಲಾ? ಒಂದು ಸಲ ಸೇರಿ, ಇಂಟರ್‌ನೆಟ್ ಇಲ್ಲ ಅಂತ ಬಿಟ್ಟ ಫೋನು ಅಲ್ಲೇ ಇದ್ದರೆ ಅದಕ್ಕೆ ನಿಮ್ಮ ಲ್ಯಾಪ್‌ಟಾಪ್ ಮತ್ತೆ ಸೇರಬಾರದು. ಕಣ್ಮರೆಯಾಗಿ ಹೊಸದಾಗಿ ಬಂದರೆ ಮಾತ್ರ ಸೇರತ್ತೆ. ಯಾರಾದರೂ ಅದನ್ನ ಆಚೆ ತಗೊಂಡು ಹೋಗ್ತಾರಾ?"

"ಇಲ್ಲ. ಅವರ ಫೋಟೋದ ಮುಂದಿನ ಹಲಗೆಯ ಮೇಲೆ ಇರುತ್ತದೆ. ಕರೆಂಟು ಹೋದಾಗ ಮಾತ್ರ ಇನ್ವರ್ಟರ್ ಇರುವ ಪಕ್ಕದ ಮಗ್ಗದ ಮನೆಗೆ ಒಯ್ದು ಚಾರ್ಜ್ ಮಾಡಿಸುತ್ತಾರೆ."

"ಹಾಗಾದರೆ ನಿಮ್ಮ ಲ್ಯಾಪ್‌ಟಾಪಿನದೇ ದೋಷ ಇರಬೇಕು. ದೂರು ಬರೆದುಕೊಂಡಿದೀನಿ ಮೇಡಂ. ನಮ್ಮ ಸೇವೆ ತೃಪ್ತಿ ತಂದಿದ್ದರೆ ಐದು ಒತ್ತಿ."

ನಾನು ಏನನ್ನೂ ಒತ್ತಲಿಲ್ಲ.

*

ಅತ್ತೆಯ ಹೆಸರು ನೀಲವ್ವ. ಬೆಟಗೇರಿಯ ಈ ಮನೆಯಲ್ಲಿ ಈಗ ನಾವಿಬ್ಬರೇ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಅವರ ಮೊದಲ ಕೆಲಸ ಫೋನಿನ ಚಾರ್ಜ್ ನೋಡುವುದು. ಒಮ್ಮೆ ಆರಿಹೋದರೆ ಮತ್ತೆ ಹಚ್ಚಲು ಚನ್ನವೀರನ ಬೆರಳೇ ಬೇಕು. ಅದು ಅವರಿಗೆ ಗೊತ್ತು.

'ಬಂದಾಳ ನೋಡ' ಅನ್ನುವ ಆ ಮಾತನ್ನು ಅವನು ತಮಾಷೆಗೆ ತನ್ನ ದನಿಯಲ್ಲಿ ಫೋನಿನೊಳಗೆ ಹಿಡಿದಿಟ್ಟದ್ದು. ನನ್ನ ಲ್ಯಾಪ್‌ಟಾಪ್ ಬಂದು ಸೇರಿದಾಗಲೆಲ್ಲ ಫೋನು ಹಾಗೆ ಕೂಗುತ್ತಿತ್ತು. ಅವನು ಮೊದಲೇ ಊರಿಗೆ ಬಂದಿದ್ದ ದಿನ, ನಾನು ಕಾಲೇಜಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ ಒಳಗೆ ಅದು ಸಾರಿಬಿಡುತ್ತಿತ್ತು. ಅತ್ತೆ ಬಾಗಿಲಿಗೆ ಬಂದು, "ಗೊತ್ತಾತ ಬಾ, ನಿನ್ನ ಗಂಡ ಡಂಗುರಾ ಹೊಡದಾನ," ಅನ್ನುತ್ತಿದ್ದರು.

ಆ ಮಾತು ನನ್ನ ಬಗ್ಗೆ. ನನಗಲ್ಲ. ಅವನು ಕರೆಯುವುದು ಅವರನ್ನು.

"ಅತ್ತೀ, ಆ ದನಿ ಬ್ಯಾರೆ ಫೋನಿನ್ಯಾಗ ಹಿಡದ ಕೊಡ್ತೀನಿ," ಎಂದೆ. "ಬೇಕಾದಾಗ ಹಚ್ಚಿ ಕೇಳ್ರಿ."

ಅವರು ಹಿಟ್ಟು ನಾದುತ್ತಿದ್ದರು. "ಬೇಕಾದಾಗ ಹಚ್ಚಿದ್ರ ಅದು ರೇಡಿಯೋ ಆತು. ಇದು ಹಂಗಲ್ಲ. ನೀ ಬಂದಾಗ ಅಂತಾನ. ನಿನ್ನ ಕಂಡು ಅಂತಾನ."

"ಫೋನಿಗೇನ ಕಣ್ಣ ಅದಾವೇನ್ರಿ?"

"ನನಗೇನ ಗೊತ್ತವ್ವ. ಸಾಲಿ ಕಲತಾಕಿ ನೀನು."

"ನನ್ನ ನೌಕರಿ ಹೋಗತೈತ್ರಿ ಅತ್ತೀ. ಒಮ್ಮೆ ಹೆಬ್ಬಟ್ಟ ಒತ್ರಿ, ಸಾಕು."

ಅವರ ಕೈ ನಿಂತಿತು.

"ದವಾಖಾನ್ಯಾಗ ಒಮ್ಮೆ ಒತ್ತೀನಿ. ಅವನ್ನ ಮನಿಗೆ ತರೂ ಮುಂದ. ಇನ್ನೊಮ್ಮೆ ಒತ್ತ ಅನಬ್ಯಾಡ."

ನಾನು ಎದ್ದು ಬಂದೆ. ಸಿಟ್ಟು ಬಂದಿತ್ತು. ಅವರ ಮೇಲೆ ಅಲ್ಲ, ಅವನ ಮೇಲೆ. ಸತ್ತವರ ಮೇಲಿನ ಸಿಟ್ಟನ್ನು ಇಡಲು ಮನೆಯಲ್ಲಿ ಜಾಗವಿರುವುದಿಲ್ಲ. ಹೋಗಿ ಆ ಮಸುಕಾದ ಗುರುತನ್ನು ಇನ್ನೊಮ್ಮೆ ಒತ್ತಿದೆ.

*

ಕೇಂದ್ರದ ಮುಖ್ಯಸ್ಥರು ಬಳಿಗಾರ ಸರ್. ದೊಡ್ಡ ಪರದೆಯ ಮುಂದೆ ನಿಂತೇ ಚಹಾ ಕುಡಿಯುವವರು. ಪರದೆಯ ಮೇಲೆ ಗುಡ್ಡದ ಸಾಲು, ಸಾಲಿನ ಮೇಲೆ ತಿರುಗುವ ಹಸಿರು ಚುಕ್ಕೆಗಳು. ಎಲ್ಲಾದರೂ ಒಂದು ಬೂದು ಬಣ್ಣಕ್ಕೆ ತಿರುಗಿದರೆ ಮಾತು ಅರ್ಧಕ್ಕೇ ನಿಲ್ಲಿಸುತ್ತಾರೆ.

"ಕೂಡ್ರಿ ಶಶಿರೇಖಾ. ಈ ತಿಂಗಳ ನಿಮ್ಮ ಹಿಡಿತ ಎಷ್ಟ ಸಲ ತಪ್ಪೇತಿ, ನಿಮಗ ಗೊತ್ತೈತಿ. ನಾ ಹೇಳೂದ ಬ್ಯಾಡ."

"ಮನ್ಯಾಗ ಮಾತ್ರ ಸರ್. ಇಲ್ಲೇ ದಿನಾ ಕೂಡ್ತೀನಿ, ಅವಕಾಶ ಕೊಡ್ರಿ."

"ನಿಮಗ ಕೊಟ್ರ ಎಲ್ಲಾರೂ ಕೇಳ್ತಾರ. ಆ ಫೋನ್ ಬಂದ್ ಮಾಡಾಕ ಏನ ಆಗತೈತ್ರಿ ನಿಮಗ?"

ಅತ್ತೆಗೆ ಅದು ಮಗನ ದನಿಯೆಂದು ನಾನು ಹೇಳಲಿಲ್ಲ. ಹೇಳಿದರೆ ಅವರು ತಲೆ ತಗ್ಗಿಸುತ್ತಾರೆ. ಆಮೇಲೆ ಒಂದು ವಾರ ನನ್ನೊಡನೆ ಮೆತ್ತಗೆ ಮಾತಾಡುತ್ತಾರೆ. ನನಗೆ ಅದು ಬೇಡವಾಗಿತ್ತು.

"ಈಗ ಬ್ಯಾಸಗಿ," ಎಂದರು. "ಕಂಬದೊಳಗ ಹೆಂಚಿನ ಕಾವು. ಮೊನ್ನೆ ದಾವಲ ನಕ್ಕೋಂತ ಇಳದ. ದಿನಾ ಹಂಗ ಇಳಿಯಂಗಿಲ್ಲ. ಇನ್ನೊಮ್ಮೆ ಹಿಂಗಾದ್ರ ನಿಮ್ಮ ಕೈಯಾಗ ಕಂಬಾ ಕೊಡಾಕ ನನ್ನಿಂದ ಆಗೂದಿಲ್ಲ. ಬ್ಯಾರೆ ಕೆಲಸಾ ಇಲ್ಲ ನಮ್ಮಲ್ಲಿ."

ನಾನು ಹೂಂ ಅಂದೆ.

*

ಮುಂದಿನ ವಾರ ಮನೆ ಪಾಳಿ. ಮಧ್ಯಾಹ್ನ ದಾವಲ ಗುಡ್ಡದ ತುದಿಯ ಕಂಬಕ್ಕೆ ಹೋಗುವವನಿದ್ದ. ಕರೆಂಟು ಇತ್ತು. ಫೋನು ಹಲಗೆಯ ಮೇಲಿತ್ತು. ಬೆಳಿಗ್ಗೆಯೇ ಲ್ಯಾಪ್‌ಟಾಪ್ ಅದಕ್ಕೊಮ್ಮೆ ಸೇರಿ ಬಿಟ್ಟು ಬಂದಾಗಿತ್ತು. ಸಹಾಯವಾಣಿಯ ಹುಡುಗಿಯ ಮಾತು ನಿಜವಾದರೆ ಇನ್ನು ಸಂಜೆಯವರೆಗೆ ಭಯವಿಲ್ಲ. ನಾನು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂತೆ.

ಲಿಫ್ಟ್ ಅರ್ಧ ಏರಿತ್ತು.

"ಬಂದಾಳ ನೋಡ ಯವ್ವಾ, ನಿನ್ನ ಸೊಸಿ!"

ಪರದೆ ಬೂದಾಯಿತು. ನಾನು ಹಲ್ಲು ಕಚ್ಚಿ ಕೂತೆ. ಲ್ಯಾಪ್‌ಟಾಪ್ ಗೋಡೆಗೆ ಮುಖ ಕೊಟ್ಟು ನಿಂತು, ಕಾದು, ಸೋತು, ಮರಳಿತು. ಲಿಫ್ಟ್ ಚಾಲೂ ಮಾಡಿದೆ. "ಹೊಂಟತ್ರಿ ವೈನಿ," ಎಂದ ದಾವಲ. ನಾಲ್ಕು ಮಾರು ಏರಿರಬೇಕು.

"ಬಂದಾಳ ನೋಡ ಯವ್ವಾ, ನಿನ್ನ ಸೊಸಿ!"

"ವೈನೀ," ಎಂದ ದಾವಲ. ಈ ಸಲ ನಗಲಿಲ್ಲ. "ಲಗೂ ಮಾಡ್ರಿ. ಫ್ಯಾನೂ ನಿಂತೈತಿ. ಉಸರ ಹಿಡದಂಗ ಆಗಾಕತ್ತೇತಿ."

ಕೇಂದ್ರಕ್ಕೆ ಹೇಳಿದೆ. ಹಿಡಿತ ನನ್ನ ಕೈಯಿಂದ ಅವರ ಕೈಗೆ ಹೋಗಲು ನಿಯಮದಂತೆ ಕಾಯಬೇಕು. ಬಳಿಗಾರ ಸರ್ ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ವಾಕಿಟಾಕಿ ಹಿಡಿದೇ ಹೊರಕೋಣೆಗೆ ಓಡಿದೆ, ಫೋನನ್ನು ನೀರಿಗೆ ಎಸೆಯಲಾದರೂ ಸರಿ ಎಂದು.

ಹಲಗೆಯ ಮೇಲೆ ಫೋನಿರಲಿಲ್ಲ. ಫೋಟೋದ ಮುಂದೆ ಚಾರ್ಜರಿನ ತಂತಿ ಬಿದ್ದಿತ್ತು. ಮುಂಬಾಗಿಲು ತೆರೆದಿತ್ತು.

ಅತ್ತೆ ಓಣಿಯಲ್ಲಿ ನಡೆದು ಹೋಗುತ್ತಿದ್ದರು. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದರು. ಕೈಯೊಂದು ಎದೆಯ ಹತ್ತಿರ ಸೆರಗಿನೊಳಗಿತ್ತು. ಮಗ್ಗದ ಮನೆ ದಾಟಿ, ಮೂಲೆಯ ನೀರಿನ ಟಾಕಿಯ ಆಚೆ ಹೋಗಿ ಕಣ್ಮರೆಯಾದರು. ಸ್ವಲ್ಪ ಹೊತ್ತು ಯಾರೂ ಇಲ್ಲ. ಮಗ್ಗದ ಸದ್ದು ಮಾತ್ರ.

ಆಮೇಲೆ ಅವರು ಮರಳಿ ಬಂದರು. ಬರುವಾಗ ಹೆಜ್ಜೆ ಬೇರೆಯೇ ಇತ್ತು. ಪರ ಊರಿನಿಂದ ಬಂದು ಬಸ್ಸಿಳಿದು ಮನೆ ಕಂಡವರ ಹೆಜ್ಜೆ. ತಲೆ ಒಂದು ಬದಿಗೆ ವಾಲಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟು ನಿಂತರು.

ಸೆರಗಿನೊಳಗಿಂದ ಅವನು ಕೂಗಿದ. "ಬಂದಾಳ ನೋಡ ಯವ್ವಾ, ನಿನ್ನ ಸೊಸಿ!"

"ಹೂಂನಪಾ," ಎಂದರು ಅತ್ತೆ. "ಕಂಡ್ಲು."

ಆಗ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು.

ಇಷ್ಟು ದಿನ ನಾನು ಲ್ಯಾಪ್‌ಟಾಪನ್ನು ಬೈದೆ. ಕಂಪನಿಯನ್ನು, ನಿಯಮವನ್ನು, ಸಹಾಯವಾಣಿಯನ್ನು ಬೈದೆ. ಸೆಟ್ಟಿಂಗ್ಸ್‌ನ ಪ್ರತಿಯೊಂದು ಸಾಲನ್ನೂ ತೆರೆದು ಮುಚ್ಚಿದೆ. ಹೊರಕೋಣೆಗೆ ಒಮ್ಮೆಯೂ ಬಂದು ನೋಡಿರಲಿಲ್ಲ. ಫೋಟೋ ಇರುವ ಕೋಣೆಯಲ್ಲಿ ನಾನು ಕೂರುವುದಿಲ್ಲ.

"ದಾವಲ ಕಂಬದಾಗ ಸಿಕ್ಕೊಂಡಾನ್ರಿ," ಎಂದೆ. "ನೀವು ಆಚೆ ಹೋಗಿ ಬಂದಾಗೊಮ್ಮೆ ಲಿಫ್ಟ್ ನಿಲ್ಲತೈತಿ."

ಅವರು ನನ್ನ ಕೈಯಲ್ಲಿದ್ದ ವಾಕಿಟಾಕಿಯ ಕಡೆ ನೋಡಿದರು.

"ನಮ್ಮ ದಾವಲೇನು?"

ವಾಕಿಟಾಕಿಯಲ್ಲಿ ಉಸಿರಿನ ಸದ್ದು ಮಾತ್ರ ಬರುತ್ತಿತ್ತು. ನಾನು ಕರೆದೆ. ಉತ್ತರವಿಲ್ಲ. ಅತ್ತೆ ನನ್ನ ಕೈಯಿಂದ ಅದನ್ನು ಕಸಿದುಕೊಂಡರು.

"ಏ ದಾವಲ್ಯಾ! ನಾನೋ, ಚೆನ್ನ್ಯಾನ ಅವ್ವ. ಓ ಅನ್ನು!"

"...ಯವ್ವಾ."

"ನಿದ್ದಿ ಮಾಡೀಯೇನ ಅಲ್ಲೆ? ಏಳು. ಅಂಗಿ ತಗಿ ಮೊದಲ. ತಗದಿ?"

"ತಗ್ಯಾಕತ್ತೀನಿ."

"ಕೂಡ್ರಬ್ಯಾಡ, ನಿಂದ್ರು. ಮುಂಜಾನೆ ಏನ ತಿಂದಿ?"

"ಏನಿಲ್ಲಬೇ. ರೋಜಾ ಅದಾವ."

"ಅಯ್ಯ ನಿನ! ಉಪಾಸ ಇದ್ದಾಂವಗ ಯಾರ ಹತ್ತ ಅಂದ್ರೋ? ಸಂಜಿಕ್ಕ ಇಲ್ಲೇ ಬಾ. ಜುಣಕಾ ಮಾಡ್ತೀನಿ, ಬಿಸಿ ರೊಟ್ಟಿ. ಕೇಳಸ್ತಿಲ್ಲೋ?"

"ಕೇಳಸ್ತಬೇ. ಖಾರ ಕಡಿಮಿ ಹಾಕ. ಹೋದ ಸಲ ಬಾಯಿ ಸುಟ್ಟಿತ್ತು."

ಅವರು ಹಾಗೆ ಮಾತು ಬಿಡದೆ ಅವನನ್ನು ಹಿಡಿದುಕೊಂಡಿದ್ದರು. ನಾನು ಕೋಣೆಯಲ್ಲಿ ಪರದೆಯ ಮುಂದೆ ನಿಂತಿದ್ದೆ. ಚನ್ನವೀರ. ಸಂಪರ್ಕವಿದೆ. ಇಂಟರ್‌ನೆಟ್ ಇಲ್ಲ. ಬಿಡು, ಬಿಡು ಎಂದು ಯಾರಿಗೆ ಹೇಳುತ್ತಿದ್ದೆನೋ ತಿಳಿಯದು. ಕೊನೆಗೆ ಅದು ಬಿಟ್ಟಿತು. ಚುಕ್ಕೆಗಳಿಗೆ ಬಣ್ಣ ಬಂತು. ಲಿಫ್ಟನ್ನು ಕೆಳಗಿಳಿಸಿದೆ.

ಕೆಳಗೆ ಜೀಪಿನವರು ಅವನಿಗೆ ನೀರು ಹಾಕಿದರು. ಬಳಿಗಾರ ಸರ್ ಫೋನ್ ಮಾಡಿ, "ಆರಾಮ ಅದಾನ," ಎಂದರು. ಆಮೇಲೆ, "ಹಿಂಗ ಇನ್ನ ನಡೆಯಂಗಿಲ್ರಿ ಶಶಿರೇಖಾ. ನಾಳೆ ಬಂದು ಕಾಣ್ರಿ," ಎಂದರು.

*

ದಾವಲ ಸಂಜೆ ರೋಜಾ ಉಪವಾಸ ಬಿಟ್ಟು ನಮ್ಮಲ್ಲಿಗೇ ಬಂದ. ಮುಖ ಬಾಡಿತ್ತು. ರೊಟ್ಟಿ ಮುರಿಯುತ್ತ ಫೋಟೋದ ಕಡೆ ನೋಡಿದ.

"ಒಬ್ಬನ ಹೋಗಾಕ ಬ್ಯಾಸರ ಆಗಿರಬೇಕು ಮಗನಿಗೆ. ನನ್ನೂ ಕರಕೊಂಡ ಹೊಂಟಿದ್ದ."

"ಬಾಯಿ ಮುಚ್ಚಿ ಉಣ್ಣು," ಎಂದರು ಅತ್ತೆ. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಫೋನು ತಂದು ನನ್ನ ಮುಂದೆ ಕೂತರು.

"ಎಲ್ಲಿ ಒತ್ತಬೇಕು?"

"ಬ್ಯಾಡ್ರಿ ಅತ್ತೀ. ನೀವು ಆಚೆ ಒಯ್ಯದಿದ್ರ ಸಾಕು. ಹಲಗಿ ಮ್ಯಾಲ ಇರಲಿ."

"ಒಯ್ಯೂದಿಲ್ಲಂತ ಇವತ್ತ ಅಂತೀನಿ. ನಾಳೆ ಮತ್ತ ಹೋಗ್ತೀನಿ. ನನಗ ಗೊತ್ತೈತಿ." ದಾವಲನ ಕಡೆ ನೋಡಿದರು. "ನನ್ನ ಕಾಲು ನನ್ನ ಮಾತ ಕೇಳಂಗಿಲ್ಲವ್ವ. ಮಂದಿ ಮಗನ್ನ ಕೊಂದು ನನ್ನ ಮಗನ ದನಿ ಕೇಳಲೇನು?"

ಲ್ಯಾಪ್‌ಟಾಪ್ ತೆರೆದು ಕೋರಿಕೆ ಕಳಿಸಿದೆ. ಫೋನಿನ ಮೇಲೆ ಪ್ರಶ್ನೆ ಮೂಡಿತು. ಅತ್ತೆಗೆ ಓದಲು ಬರುವುದಿಲ್ಲ. "ಏನಂತೈತಿ?" ಎಂದರು. "ಈ ಸಂಪರ್ಕವನ್ನು ಇಬ್ಬರೂ ಕಡಿದುಕೊಳ್ಳಲು ಒಪ್ಪುವಿರಾ, ಅಂತೈತ್ರಿ," ಎಂದೆ. ಅವರು ಹೆಬ್ಬೆರಳನ್ನು ಇಟ್ಟು, ಬಹಳ ಹೊತ್ತು ಒತ್ತಿ ಹಿಡಿದರು. ಅಷ್ಟು ಹೊತ್ತು ಬೇಕಿರಲಿಲ್ಲ.

ನನ್ನ ಪರದೆಯ ಮೇಲೂ ಅದೇ ಪ್ರಶ್ನೆ ಬಂತು. ಕೆಳಗೆ ಒಂದು ಪಟ್ಟಿ ಕರಗುತ್ತಿತ್ತು. ಅದು ಮುಗಿಯುವುದರೊಳಗೆ ಒತ್ತಬೇಕು, ಇಲ್ಲದಿದ್ದರೆ ಮೊದಲಿನಿಂದ.

ತಿಂಗಳುಗಟ್ಟಲೆ ನಾನು ಈ ಗುಂಡಿಯನ್ನೇ ಹುಡುಕಿದ್ದು. ಬೆರಳು ಅದರ ಮೇಲಿತ್ತು. ಕೆಳಗೆ ಹೋಗಲಿಲ್ಲ. ಧಾರವಾಡದ ಕೋಣೆಯಲ್ಲಿ ಅಂಗಡಿಯಿಂದ ಅವನು ಬರುವುದನ್ನು ಲ್ಯಾಪ್‌ಟಾಪ್ ನನಗಿಂತ ಮೊದಲು ತಿಳಿಯುತ್ತಿತ್ತು. ಪರದೆಯಲ್ಲಿ ಅವನ ಹೆಸರು ಮೂಡಿದ ಮೇಲೆ ಮೆಟ್ಟಿಲಲ್ಲಿ ಹೆಜ್ಜೆ ಕೇಳುತ್ತಿತ್ತು. ಆ ನಡುವಿನ ಅಷ್ಟು ಹೊತ್ತು.

ಪಟ್ಟಿ ಕರಗುತ್ತಿತ್ತು.

"ಒತ್ತವ್ವ," ಎಂದರು ಅತ್ತೆ. "ನಾ ಒತ್ತೀನಲ್ಲ."

ಒತ್ತಿದೆ.

ಫೋನು ಏನೂ ಅನ್ನಲಿಲ್ಲ. ಹೋಗುವಾಗ ಅನ್ನಲು ಅವನು ಏನನ್ನೂ ಹಿಡಿದಿಟ್ಟಿರಲಿಲ್ಲ. ದಾವಲ ತಲೆ ತಗ್ಗಿಸಿ ಉಣ್ಣುತ್ತಿದ್ದ. ಲ್ಯಾಪ್‌ಟಾಪಿನಲ್ಲಿ ಆ ಮಸುಕಾದ ಗುರುತು ಮೊದಲ ಸಲ ಕಪ್ಪಾಗಿ ಕಂಡಿತು. ಒತ್ತಿದರೆ ಹೋಯಿತು. ಒತ್ತಿದರೆ ಬಂತು. 'ಇನ್ನು ಮುಂದೆ ನಿಮ್ಮನ್ನು ಕೇಳಿಯೇ ಸೇರಬೇಕೆ?' ಎಂದು ಕೇಳಿತು. ಹೌದು ಎಂದೆ.

*

ಮರುದಿನ ಬಳಿಗಾರ ಸರ್ ನನ್ನ ಲ್ಯಾಪ್‌ಟಾಪನ್ನು ಅತ್ತಿತ್ತ ತಿರುಗಿಸಿ ನೋಡಿದರು. ಚನ್ನವೀರನ ಹೆಸರು ಎಲ್ಲಿಯೂ ಇರಲಿಲ್ಲ.

"ಸರಿಹೋತಲ್ಲ. ಇಷ್ಟ ಸಣ್ಣ ಕೆಲಸಾ. ಮೊದಲ ಮಾಡಬಾರದಿತ್ತೇನ್ರಿ?" ಎಂದರು. "ಹೋಗಲಿ. ಈ ಸಲ ಮ್ಯಾಲಿನವರಿಗೆ ನಾ ಹೇಳ್ತೀನಿ."

ಸಂಜೆ ಮನೆಗೆ ಬಂದೆ. ಟಾಕಿ ದಾಟಿ, ಮಗ್ಗದ ಮನೆ ದಾಟಿ, ಮೆಟ್ಟಿಲಿನ ಮೇಲೆ ಕಾಲಿಟ್ಟು ನಿಂತೆ. ಯಾಕೆ ನಿಂತೆನೆಂದು ಗೊತ್ತಾಗಲು ತಡವಾಯಿತು. ಹೆಗಲ ಚೀಲದಲ್ಲಿ ಲ್ಯಾಪ್‌ಟಾಪ್ ಸುಮ್ಮನಿತ್ತು. ಹಲಗೆಯ ಮೇಲೆ ಫೋನು ಸುಮ್ಮನಿತ್ತು. ಪಕ್ಕದಲ್ಲಿ ಚಾರ್ಜರಿನ ಸಣ್ಣ ದೀಪ ಉರಿಯುತ್ತಿತ್ತು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದರು. ನನ್ನನ್ನು ನೋಡಿದರು. ಆಮೇಲೆ ಫೋಟೋದ ಕಡೆ ತಿರುಗಿ, ಅಲ್ಲಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು.

"ಬಂದಾಳ ನೋಡೋ ಚೆನ್ನಾ, ನಿನ್ನ ಹೆಂಡ್ತಿ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಫೋಟೋ ಇರುವ ಕೋಣೆಯಲ್ಲೇ ಕೂತೆ.